ಅಮೆರಿಕದ ಅಂತರ್ಯುದ್ಧಕ್ಕೂ ಧಾರವಾಡದ ಎರೆ ಹೊಲಕ್ಕೂ ಏನು ಸಂಬಂಧ? ಜಾಗತೀಕರಣ ಶುರುವಾದದ್ದು ನಿಜಕ್ಕೂ 1991ರಲ್ಲಾ?

ಎರೆಮಣ್ಣು:

ಜಾಗತೀಕರಣದ ಮಾತು ಬಂದಾಗಲೆಲ್ಲ ನಾವು, ಭಾರತ ತನ್ನ ಪೇಟೆಯನ್ನು ಹೊರಗಿನವರಿಗೆ ತೆರೆದ 1991ರಿಂದ ಶುರು ಮಾಡುತ್ತೇವೆ. ಪರೀಕ್ಷೆಗೆ ಓದುವ ಹುಡುಗರ ನೋಟ್ಸಿನಲ್ಲೂ ಹಾಗೇ ಇರುತ್ತದೆ: ವಸಾಹತುಶಾಹಿ ಒಂದು ಅಧ್ಯಾಯ, ಆಮೇಲೆ ಎರಡು ಮಹಾಯುದ್ಧ, ಕೊನೆಗೆ ಜಾಗತೀಕರಣ. ಹೀಗೆ ಕತ್ತರಿಸಿ ಓದಿದರೆ ನಮ್ಮದೇ ಜಿಲ್ಲೆಗಳ ಇತಿಹಾಸ ನಮಗೆ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ. ಹತ್ತಿಯೊಂದನ್ನೇ ಹಿಡಿದು ನೋಡೋಣ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಆ ಹೊತ್ತಿಗೆ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಅಂದರೆ ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಆ ದೇಶದಲ್ಲಿ ಆಗ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಯುದ್ಧದಲ್ಲಿ ಎದುರು ನಿಂತ ಉತ್ತರ ರಾಜ್ಯಗಳ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲಿವರ್‌ಪೂಲಿನಲ್ಲಿ 1860ರಲ್ಲಿ ಪೌಂಡಿಗೆ 7 ಪೆನ್ಸ್ ಆಸುಪಾಸಿನಲ್ಲಿದ್ದ ಹತ್ತಿಯ ಧಾರಣೆ 1864ರ ಬೇಸಿಗೆಯಲ್ಲಿ 30 ಪೆನ್ಸ್ ದಾಟಿತು. ಆ ಧಾರಣೆಯ ಬಿಸಿ ಮುಂಬಯಿಗೆ ಬಂತು, ಅಲ್ಲಿಂದ ಹುಬ್ಬಳ್ಳಿ, ಗದಗ, ನವಲಗುಂದ, ರೋಣಕ್ಕೆ ಬಂತು. ರೈತರು ಬಂಡಿಯ ಗಾಲಿಗೆ ಬೆಳ್ಳಿಪಟ್ಟಿ ಹಾಕಿಸಿದರು ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲೇ.

ಮುಂಬಯಿಯಲ್ಲಿ ಶೇರು ಹುಚ್ಚು ಹಿಡಿಯಿತು. ಸಮುದ್ರ ತುಂಬಿಸಿ ಜಾಗ ಮಾಡುವ ಬ್ಯಾಕ್ ಬೇ ಕಂಪನಿಯಂಥವು ಒಂದರ ಹಿಂದೆ ಒಂದು ಹುಟ್ಟಿದವು. ಇನ್ನೂ ಕಟ್ಟದ ಜಾಗದ ಮೇಲೆ ಜನ ಮನೆಮಠ ಒತ್ತೆ ಇಟ್ಟರು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಧಾರಣೆ ಕುಸಿಯಿತು. ಅದೇ ವರ್ಷ ಜುಲೈ 1ಕ್ಕೆ ವಾಯಿದೆ ವ್ಯವಹಾರಗಳ ಹಣ ತೀರಿಸಬೇಕಾಗಿತ್ತು, ತೀರಿಸಲಾಗದೆ ಸಾಲುಸಾಲಾಗಿ ಪೇಟೆಯವರು ದಿವಾಳಿಯಾದರು. ಆ ಹುಚ್ಚಿನ ನಡುವೆ ನಿಂತಿದ್ದ ದೊಡ್ಡ ದಲ್ಲಾಳಿ ಪ್ರೇಮಚಂದ್ ರಾಯಚಂದ್ ತಾಯಿಯ ಹೆಸರಲ್ಲಿ ಕೊಟ್ಟ ದುಡ್ಡಿನಿಂದ ಎದ್ದ ರಾಜಾಬಾಯಿ ಗೋಪುರ ಈಗಲೂ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿದೆ.

ಇದು ಜಾಗತೀಕರಣವಲ್ಲದೆ ಇನ್ನೇನು? ಒಂದು ಖಂಡದಲ್ಲಿ ಯುದ್ಧ, ಇನ್ನೊಂದರಲ್ಲಿ ಗಿರಣಿ ಬಂದ್, ಮೂರನೆಯದರಲ್ಲಿ ಬಿತ್ತನೆ ಬದಲಾವಣೆ. ನನ್ನನ್ನು ಕಾಡುವ ಸಂಗತಿ ಒಂದೇ: ಧಾರಣೆ ಏರಿದಾಗ ಎಲ್ಲರಿಗೂ ಒಂದಿಷ್ಟು ಸಿಕ್ಕಿತು, ಇಳಿದಾಗ ಹೊರೆ ಪೂರ್ತಿ ಬಿದ್ದದ್ದು ಯಾರ ತಲೆಗೆ? ಗೊತ್ತಿದ್ದವರು ಬರೆಯಿರಿ. ಊರಿನ ವಿಷಯ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಅಘನಾಶಿನಿ ತೀರ:

ಕುಮಟೆಯವಳು ನಾನು. ಈ ಕಥೆಯಲ್ಲಿ ನಮ್ಮೂರನ್ನು ಬಿಡಬೇಡಿ. ಧಾರವಾಡದ ಕಡೆಯ ದೇಸಿ ಹತ್ತಿಗೆ ಮುಂಬಯಿ, ಲಿವರ್‌ಪೂಲ್ ಪೇಟೆಯಲ್ಲಿ ‘ಕುಮ್ಟಾ’ ಎಂದೇ ಹೆಸರಿತ್ತು. ನಮ್ಮಲ್ಲಿ ಒಂದು ಗಿಡ ಹತ್ತಿಯೂ ಬೆಳೆಯುವುದಿಲ್ಲ. ಘಟ್ಟದ ಮೇಲಿನಿಂದ ಎತ್ತಿನ ಮೇಲೆ, ಬಂಡಿಯಲ್ಲಿ ಇಳಿದು ಬಂದ ಹತ್ತಿ ಇಲ್ಲಿಂದ ಹಡಗು ಹತ್ತುತ್ತಿತ್ತು, ಅಷ್ಟೇ. ದೂರದ ಪೇಟೆಯವರಿಗೆ ಬೆಳೆದವನ ಊರು ಗೊತ್ತಿರಲಿಲ್ಲ, ಹಡಗು ಹೊರಟ ಬಂದರು ಗೊತ್ತಿತ್ತು.

ಕಾರವಾರದ ಕಥೆ ಇನ್ನೂ ವಿಚಿತ್ರ. 1857ರಲ್ಲಿ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಕಾಟನ್ ಸಪ್ಲೈ ಅಸೋಸಿಯೇಷನ್ ಅಂತ ಕಟ್ಟಿಕೊಂಡಿದ್ದರು. ಅಮೆರಿಕ ಒಂದನ್ನೇ ನಂಬಿದರೆ ಕೆಟ್ಟೆವು ಅನ್ನುವ ಭಯ ಅವರಿಗೆ ಯುದ್ಧಕ್ಕೆ ಮುಂಚೆಯೇ ಇತ್ತು. ಧಾರವಾಡದ ಹತ್ತಿ ನೇರವಾಗಿ ಸಮುದ್ರಕ್ಕೆ ಬರಲಿ ಅಂತ ಕಾರವಾರದ ಪಕ್ಕದ ಸದಾಶಿವಗಡದ ಬಳಿ ಬಂದರು ಮಾಡಿ, ಘಟ್ಟಕ್ಕೆ ರಸ್ತೆ ಮಾಡಿ ಎಂದು ಸರ್ಕಾರದ ಬೆನ್ನು ಬಿದ್ದರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಾಯವೂ ಇತ್ತು. ಜಿಲ್ಲಾ ಕೇಂದ್ರ ಕಾರವಾರವಾಯಿತು. ನಮ್ಮ ಜಿಲ್ಲೆಯ ಕಚೇರಿ, ಕೋರ್ಟು, ಮರಾಠಿ ಶಾಲೆ, ಮುಂಬಯಿಯ ನಂಟು, ಎಲ್ಲದರ ಹಿಂದೆಯೂ ಸ್ವಲ್ಪ ಹತ್ತಿ ಇದೆ.

ಆಮೇಲೆ 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಕ್ಯಾಸಲ್‌ರಾಕ್ ಮೇಲೆ ಪೋರ್ಚುಗೀಸರ ಮರ್ಮಗೋವಾಕ್ಕೆ ರೈಲು ಹೋಯಿತು. ಸರಕೆಲ್ಲ ಅತ್ತ ತಿರುಗಿತು. ಕಾರವಾರ, ಕುಮಟೆ ಎರಡರ ವ್ಯಾಪಾರವೂ ಬಿತ್ತು. ಹಡಗಿನವರು, ಹಮಾಲರು, ಬಂಡಿಯವರು, ಗೋದಾಮಿನವರು ಏನಾದರು ಎಂದು ಯಾವ ವರದಿಯೂ ವಿಚಾರಿಸಲಿಲ್ಲ. ಹೊಳೆ ಪಾತ್ರ ಬದಲಿಸಿದ ಹಾಗೆ ವ್ಯಾಪಾರ ದಾರಿ ಬದಲಿಸಿತು, ದಡದಲ್ಲಿದ್ದವರು ಅಲ್ಲೇ ಉಳಿದರು.

ಮುಳಗುಂದದಾಂವ:

ಎರೆಮಣ್ಣು ಅಣ್ಣಾರ, ನೀವು ಹೇಳಿದ್ದು ಖರೆ ಐತ್ರಿ. ಆದ್ರ ನಮ್ಮ ಕಡೆ ಹತ್ತಿ ಅಂದ್ರ ಎರಡು ಕಥಿ. ಒಂದು ಜವಾರಿ ಹತ್ತಿ, ಅದನ್ನ ಅಕ್ಕಾರು ಹೇಳಿದಂಗ ಪ್ಯಾಟ್ಯಾಗ ಕುಮ್ಟಾ ಅಂತಿದ್ರು. ಇನ್ನೊಂದು ಅಮೇರಿಕದ ಬೀಜ, ಧಾರವಾಡ-ಅಮೇರಿಕನ್ ಅಂತ ಹೆಸರು ಬಿದ್ದಿತ್ತು. ಈ ಅಮೇರಿಕದ ಬೀಜ ಯುದ್ಧದ ಕಾಲಕ್ಕ ಬಂದದ್ದಲ್ಲ. ಕಂಪನಿ ಸರಕಾರದಾಗನ, 1840ರ ಸುಮಾರಿಗೆ ಬಂತು.

ಹುಬ್ಬಳ್ಳಿ ಹತ್ರ ಕುಸುಗಲ್ಲ ಐತಲ್ರೀ, ಅಲ್ಲಿ ಮರ್ಸರ್ ಅನ್ನೋ ಅಮೇರಿಕದ ಪ್ಲಾಂಟರ್‌ನ ಕರಕೊಂಬಂದು ಪ್ರಯೋಗದ ಹೊಲ ಮಾಡಿಸಿದ್ರು. ಅಂವಾ ಎರಡು-ಮೂರು ವರ್ಷ ಮಾಡಿ ನೋಡಿ ಸರಕಾರಕ್ಕ ಏನು ಬರದ ಗೊತ್ತೇನ್ರಿ? ಈ ಪ್ರಯೋಗದ ಹೊಲಗೋಳು ದಂಡದ ಖರ್ಚು, ಅಮೇರಿಕದ ಪದ್ಧತಿ ಈ ದೇಶಕ್ಕ ಹೊಂದೂದಿಲ್ಲ, ಇಲ್ಲಿ ಹವಾ, ಇಲ್ಲಿ ಮಣ್ಣು ಇಲ್ಲಿ ರೈತರಿಗೆ ಗೊತ್ತೈತಿ, ಯಾವ ಯುರೋಪಿನಾಂವಗಿಂತಲೂ ಅವರು ಕಡಿಮಿ ಖರ್ಚಿನ್ಯಾಗ ಚೊಲೊ ಬೆಳಿತಾರ ಅಂತ. ಕಲಸಾಕ ಬಂದಾಂವನ ಹಿಂಗ ಬರದು ಕೊಟ್ಟ.

ಬೀಜ ಮಾತ್ರ ಉಳೀತು. ಗದಗ ಸೀಮ್ಯಾಗ ಅದು ಹತ್ತಿತು. ರೈತರು ಅದನ್ನ ಜ್ವಾಳದ ಜೋಡಿ ಪಾಳಿ ಹಾಕಿ ಬಿತ್ತಿದ್ರು. ಒಂದು ವರ್ಷ ಜ್ವಾಳ, ಒಂದು ವರ್ಷ ಹತ್ತಿ. ಹೊಟ್ಟಿಗೆ ಒಂದು, ಕೈಗೆ ಒಂದು. ನಮ್ಮ ಹಿರಿಯಾರಿಗೆ ಯಾರೋ ಪ್ಯಾಟಿ ಹುಚ್ಚು ಹಿಡಿಸಿದ್ರು ಅನ್ನೂದು ತಪ್ಪು. ಅವರಿಗೆ ಲೆಕ್ಕ ಗೊತ್ತಿತ್ತು.

ಕೇಡು ಬಂದದ್ದು ಜಿನ್ನದ ಕಡಿಂದ, ಅಂದ್ರ ಹತ್ತಿ ಕಾಳು ಬಿಡಸೂ ಮಶೀನದ ಕಡಿಂದ ನೋಡ್ರಿ. ಜವಾರಿ ಹತ್ತಿ ಕಾಲಿಲೆ ತುಳಿದು ಕಬ್ಬಿಣದ ಸಣ್ಣ ಕೋಲಿನ್ಯಾಗ ಕಾಳು ಬಿಡಸ್ತಿದ್ರು. ಅಮೇರಿಕದ ಹತ್ತಿ ಕಾಳಿಗೆ ಗಟ್ಟ್ಯಾಗಿ ಹಿಡಕೊಂಡಿರತೈತಿ, ಅದಕ್ಕ ಗರಗಸದ ಹಲ್ಲಿನ ಜಿನ್ ಬೇಕು. ಧಾರವಾಡದಾಗ ಆ ಜಿನ್ ಮಾಡೂದಕ್ಕ, ರಿಪೇರಿ ಮಾಡೂದಕ್ಕ ಸರಕಾರದ ಕಾರಖಾನೀನ ಇತ್ತು. ಆ ಹಲ್ಲಿಗೆ ಜವಾರಿ ಹತ್ತಿ ಕೊಟ್ರ ಎಳಿ ಹರದು ಹಿಟ್ಟ ಆಗತೈತಿ. ಧಾರಣಿ ಏರಿದಾಗ ವ್ಯಾಪಾರಸ್ಥರು ಎರಡೂ ಬೆರಸಿ, ಕಾಳು ಬೆರಸಿ, ನೀರು ಹೊಡದು ಅಂಡಗಿ ಕಟ್ಟಿದ್ರು. 1863ರಾಗ ಮುಂಬಯಿ ಸರಕಾರ ಹತ್ತಿ ಮೋಸದ ಕಾಯ್ದೆ ತಂತು. ಇನ್‌ಸ್ಪೆಕ್ಟರ್ ಬಂದ್ರು. ಹೆಸರು ಕೆಟ್ಟದ್ದು ಮಾತ್ರ ಬೆಳದವರದು.

ಸಾಲ್ಫರ್ಡ್ ಕನ್ನಡತಿ:

ನಾನಿರುವುದು ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್ಫರ್ಡಿನಲ್ಲಿ. ಇಲ್ಲಿನ ಕಡೆಯ ಕಥೆಯನ್ನೂ ಸೇರಿಸಿ, ಯಾಕೆಂದರೆ ಗಿರಣಿ ಮಾಲೀಕನನ್ನೂ ಗಿರಣಿ ಕೂಲಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ.

1862ರ ಕೊನೆಯ ಹೊತ್ತಿಗೆ ಲ್ಯಾಂಕಾಶೈರಿನಲ್ಲಿ ಸುಮಾರು 5 ಲಕ್ಷ ಜನ ಗಂಜಿಕೇಂದ್ರ, ದತ್ತಿ, ಪರಿಹಾರದ ಮೇಲೆ ಬದುಕುತ್ತಿದ್ದರು. ಬಂದ ಭಾರತದ ಹತ್ತಿಯ ಎಳೆ ಗಿಡ್ಡ, ಅದರ ತುಂಬ ಕಸ. ನೂಲು ಪದೇಪದೇ ಕಡಿಯುತ್ತಿತ್ತು. ತುಂಡಿನ ಲೆಕ್ಕದಲ್ಲಿ ಕೂಲಿ ಸಿಗುತ್ತಿದ್ದವರಿಗೆ ದಿನವಿಡೀ ದುಡಿದರೂ ಹಿಂದಿನ ಅರ್ಧವೂ ಗಿಟ್ಟುತ್ತಿರಲಿಲ್ಲ. ಭಾರತದ ಹತ್ತಿಗೆ ಇಲ್ಲಿದ್ದ ‘ಸೂರತ್’ ಎಂಬ ಹೆಸರು ಕೇಳಿದರೆ ನೇಕಾರರಿಗೆ ಸಿಟ್ಟು ಬರುತ್ತಿತ್ತು. ನಮ್ಮ ರೈತನ ಬೆಳೆ ಇಲ್ಲಿ ಬಡವನ ಬೈಗುಳವಾಗಿತ್ತು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

ಇಷ್ಟು ಹಸಿವಿನಲ್ಲೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕೂಲಿಕಾರರು ಸಭೆ ಸೇರಿ ಗುಲಾಮಗಿರಿ ತೊಲಗಲಿ ಎಂದು ಲಿಂಕನ್ನನಿಗೆ ಪತ್ರ ಬರೆದರು. ದಿಗ್ಬಂಧನ ಮುರಿದು ಹತ್ತಿ ತರಿಸಿ ಎಂದು ಕೇಳಲಿಲ್ಲ. ಲಿಂಕನ್ 1863ರ ಜನವರಿ 19ಕ್ಕೆ ಉತ್ತರ ಬರೆದ. ಅವನ ಪ್ರತಿಮೆ ಈಗಲೂ ಇಲ್ಲಿನ ಲಿಂಕನ್ ಚೌಕದಲ್ಲಿದೆ, ಪೀಠದ ಮೇಲೆ ಆ ಪತ್ರದ ಮಾತುಗಳಿವೆ. ಆದರೆ ಎಲ್ಲರೂ ಹಾಗಿದ್ದರು ಅನ್ನಲಾರೆ. ಲಿವರ್‌ಪೂಲಿನ ವ್ಯಾಪಾರಿಗಳು ದಕ್ಷಿಣದವರ ಪರ. ಉತ್ತರದ ಹಡಗುಗಳನ್ನು ಮುಳುಗಿಸುತ್ತ ತಿರುಗಿದ ‘ಅಲಬಾಮಾ’ ಹಡಗು ಕಟ್ಟಿದ್ದು ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. 1863ರ ಮಾರ್ಚ್‌ನಲ್ಲಿ ಸ್ಟೇಲಿಬ್ರಿಜ್‌ನಲ್ಲಿ ಪರಿಹಾರದ ದುಡ್ಡಿನ ಬದಲು ಚೀಟಿ ಕೊಟ್ಟಾಗ ಜನ ದಂಗೆ ಎದ್ದರು, ಸೈನಿಕರನ್ನು ಕರೆಸಿದರು.

ಇತಿಹಾಸ ಮೇಷ್ಟ್ರು:

ಚರ್ಚೆ ಚೆನ್ನಾಗಿ ಹೋಗುತ್ತಿದೆ. ಮೊದಲ ಬರಹದಲ್ಲಿ ಎರಡು ವಿಷಯ ಸಡಿಲವಾಗಿವೆ, ಬಿಗಿ ಮಾಡಬೇಕು.

ಒಂದು, 1861ರಿಂದ ಶುರು ಮಾಡಿದರೆ ಬ್ರಿಟನ್ನಿಗೆ ಸಹಜವಾಗಿಯೇ ಗಿರಣಿಗಳು ಬಂದವು, ನಮಗೆ ಸಹಜವಾಗಿಯೇ ಕಚ್ಚಾಹತ್ತಿ ಬಂತು ಎಂಬಂತೆ ಕಾಣುತ್ತದೆ. ಹದಿನೆಂಟನೇ ಶತಮಾನದಲ್ಲಿ ಜಗತ್ತಿಗೆ ಬಟ್ಟೆ ಉಡಿಸುತ್ತಿದ್ದವರು ನಮ್ಮ ನೇಕಾರರು. ಕೋರಮಂಡಲ, ಬಂಗಾಳ, ಗುಜರಾತಿನ ಬಟ್ಟೆ ಕೊಟ್ಟು ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಯುರೋಪಿನವರು ಗುಲಾಮರನ್ನು ಕೊಳ್ಳುತ್ತಿದ್ದರು. ಇದನ್ನು ನಾವು ನೆನಪಿಡಬೇಕು, ನಮ್ಮ ಬಟ್ಟೆಯ ಹೆಮ್ಮೆಯ ಮಗ್ಗುಲಲ್ಲೇ ಈ ಸತ್ಯವೂ ಇದೆ. ಬ್ರಿಟನ್ 1700ರಲ್ಲಿ ಮತ್ತು 1721ರಲ್ಲಿ ಕಾಯ್ದೆ ಮಾಡಿ ನಮ್ಮ ಬಣ್ಣದ ಬಟ್ಟೆಯನ್ನು ತನ್ನ ಪೇಟೆಯಿಂದ ಹೊರಗಿಟ್ಟಿತು. ಆ ಗೋಡೆಯ ಮರೆಯಲ್ಲಿ ಅಲ್ಲಿನ ಗಿರಣಿ ಬೆಳೆಯಿತು. ಬೆಳೆದು ಬಲಿತ ಮೇಲೆ ಮುಕ್ತ ವ್ಯಾಪಾರ ಎಂದರು. ಭಾರತಕ್ಕೆ ಬರುವ ಬಟ್ಟೆಯ ಮೇಲಿನ ಸುಂಕವನ್ನು ಲ್ಯಾಂಕಾಶೈರಿನ ಒತ್ತಾಯಕ್ಕೆ 1882ರಲ್ಲಿ ತೆಗೆದರು. ಬೊಕ್ಕಸ ಬರಿದಾಗಿ ಮತ್ತೆ ಸುಂಕ ಹಾಕಬೇಕಾದಾಗ, 1896ರಲ್ಲಿ ವಿದೇಶಿ ಬಟ್ಟೆಗೆ ಶೇ. 3.5 ಹಾಕಿ, ನಮ್ಮ ಗಿರಣಿಗಳ ಬಟ್ಟೆಗೂ ಅಷ್ಟೇ ಅಬಕಾರಿ ಸುಂಕ ಹೇರಿದರು, ಎಲ್ಲಿ ಮುಂಬಯಿಯವರಿಗೆ ಅನುಕೂಲವಾಗಿಬಿಡುತ್ತದೋ ಎಂದು. ಸ್ವಂತ ಮನೆಯ ಗಿರಣಿಗೆ ತೆರಿಗೆ ಹಾಕಿ ಪರದೇಶದ ಗಿರಣಿಯನ್ನು ಕಾಯುವ ಸರ್ಕಾರ ಅದು. ನೆಹರೂ, ತಿಲಕರ ತಲೆಮಾರುಗಳಿಗೆ ಮುಕ್ತ ವ್ಯಾಪಾರ ಎಂಬ ಮಾತಿನ ಮೇಲೆ ಯಾಕೆ ನಂಬಿಕೆ ಇರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡು, ಈಜಿಪ್ಟನ್ನು ಬಿಟ್ಟು ಈ ಕಥೆ ಹೇಳಲು ಬರುವುದಿಲ್ಲ. ಅದೇ ಯುದ್ಧ ಅಲ್ಲಿ ಇನ್ನೂ ಘೋರವಾದುದನ್ನು ಮಾಡಿತು. ಅಲ್ಲಿನ ಉದ್ದ ಎಳೆಯ ಹತ್ತಿಗೆ ಬೆಲೆ ಬಂದಾಗ 1863ರಲ್ಲಿ ಪಟ್ಟಕ್ಕೆ ಬಂದ ಇಸ್ಮಾಯಿಲ್ ಪಾಷಾ, ಈ ಧಾರಣೆ ನಿಂತೇ ಇರುತ್ತದೆಂದು ನಂಬಿ ಕಾಲುವೆ, ರೈಲು, ಅರಮನೆ, ಹೊಸ ಕೈರೋ ಎಂದು ಯುರೋಪಿನ ಬ್ಯಾಂಕುಗಳಿಂದ ಸಾಲ ಎತ್ತಿದ. 1865ರ ನಂತರ ಆದಾಯ ಇಳಿಯಿತು, ಬಡ್ಡಿ ಇಳಿಯಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1875ರಲ್ಲಿ ಅವನ ಪಾಲಿನ ಕಾಲುವೆ ಶೇರುಗಳನ್ನು ಬ್ರಿಟನ್ 40 ಲಕ್ಷ ಪೌಂಡಿಗೆ ಕೊಂಡಿತು. 1876ರಲ್ಲಿ ದೇಶ ದಿವಾಳಿ. ಸಾಲ ಕೊಟ್ಟವರ ಪ್ರತಿನಿಧಿಗಳು ಬಂದು ಖಜಾನೆಯ ಬೀಗದ ಕೈ ಹಿಡಿದರು. ಅದನ್ನು ಎದುರಿಸಿ ಉರಾಬಿ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಜನ ಎದ್ದಾಗ 1882ರ ಜುಲೈನಲ್ಲಿ ಬ್ರಿಟಿಷ್ ಹಡಗುಗಳು ಅಲೆಕ್ಸಾಂಡ್ರಿಯಾದ ಮೇಲೆ ಗುಂಡು ಸುರಿಸಿದವು. ದೇಶ ಕೈವಶವಾಯಿತು. ಹತ್ತಿ, ಸಾಲ, ಸೈನ್ಯ, ಇದೇ ಕ್ರಮದಲ್ಲಿ. ಇಪ್ಪತ್ತನೇ ಶತಮಾನದ ಕೊನೆಗೆ ಸಾಲ ಕೊಟ್ಟ ಅಂತರರಾಷ್ಟ್ರೀಯ ಸಂಸ್ಥೆಗಳು ಷರತ್ತು ಹಾಕುವುದನ್ನು ಕಂಡಾಗ ಈಜಿಪ್ಟಿನ ಜನ ಯಾಕೆ ಹಳೆಯದನ್ನೇ ನೆನೆದರು ಎಂದು ಇದರಿಂದ ತಿಳಿಯುತ್ತದೆ.

ರಷ್ಯನ್ನರು 1865ರಲ್ಲಿ ತಾಷ್ಕೆಂಟ್ ಹಿಡಿದ ಮೇಲೆ ಮಧ್ಯ ಏಷ್ಯಾದಲ್ಲಿ ಹತ್ತಿ ಹರಡಿತು. ಸೋವಿಯತ್ ಕಾಲದಲ್ಲಿ ನದಿಗಳನ್ನು ಹತ್ತಿಗೇ ತಿರುಗಿಸಿ ಅರಲ್ ಸಮುದ್ರ ಬತ್ತಿದ್ದು ಆ ದಾರಿಯ ತುದಿ. ಜರ್ಮನ್ನರು ತಮ್ಮ ಟೋಗೋ ವಸಾಹತಿನಲ್ಲಿ ಹತ್ತಿ ಬೆಳೆಸಲು 1901ರಲ್ಲಿ ಅಮೆರಿಕದ ಟಸ್ಕೀಗೀ ಸಂಸ್ಥೆಯಿಂದ ಕಪ್ಪು ತಜ್ಞರನ್ನೇ ಕರೆಸಿದರು. ಪೋರ್ಚುಗೀಸರ ಮೊಜಾಂಬಿಕ್‌ನಲ್ಲಿ 1938ರಿಂದ 1961ರವರೆಗೆ ರೈತರು ಕಡ್ಡಾಯವಾಗಿ ಹತ್ತಿ ಬೆಳೆಯಬೇಕಿತ್ತು.

ಎರೆಮಣ್ಣು:

ಮೇಷ್ಟ್ರೇ, ಈಜಿಪ್ಟಿನ ವಿಷಯಕ್ಕೆ ಋಣಿ. ಆದರೆ ನಮ್ಮಲ್ಲೂ ಸಾಲದ ಕಥೆ ಬೇರೆಯಲ್ಲ. ಧಾರಣೆ ಏರಿದ ವರ್ಷಗಳಲ್ಲಿ ಸಾಹುಕಾರರು ರೈತರಿಗೆ ಕೇಳಿದಷ್ಟು ಸಾಲ ಕೊಟ್ಟರು. ಪುಣೆ ಕಡೆ 1860ರ ದಶಕದ ಕೊನೆಗೆ ಕಂದಾಯವನ್ನೂ ಮೇಲೇರಿದ ಬೆಲೆ ನೋಡಿ ಪರಿಷ್ಕರಿಸಿದರು. ಬೆಲೆ ಇಳಿಯಿತು, ಕಂದಾಯ, ಸಾಲ ಎರಡೂ ನಿಂತವು. 1875ರ ಮೇ 12ರಂದು ಸೂಪಾದ ಸಂತೆಯಲ್ಲಿ ರೈತರು ಸಾಹುಕಾರರ ಸಾಲಪತ್ರ ಕಿತ್ತು ಸುಟ್ಟರು. ದಖ್ಖನಿನ ದಂಗೆ ಅದೇ. ಅದಾದ ವರ್ಷವೇ 1876-78ರ ಬರ ಬಂತು. ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳಲ್ಲಿ ಜನ ಸತ್ತರು. ದೇಶದಲ್ಲಿ ಬ್ರಿಟಿಷ್ ಆಡಳಿತದ ಭಾಗದಲ್ಲೇ 50 ಲಕ್ಷಕ್ಕೂ ಹೆಚ್ಚು ಸಾವು. ಆಗಲೂ ಧಾನ್ಯ ರಫ್ತಾಗುತ್ತಿತ್ತು. ಬರ ಪರಿಹಾರ ನೋಡಿಕೊಳ್ಳಲು ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದ. ಜೋಳದ ನೆಲಕ್ಕೆ ಹತ್ತಿ ಬಂದದ್ದು, ಪೇಟೆಗೆ ಕಟ್ಟಿಹಾಕಿದ್ದು, ಇದೆಲ್ಲ ಸೇರಿಯೇ ಬರ ಕ್ಷಾಮವಾಯಿತು ಎಂಬುದು ನನ್ನ ತಿಳಿವಳಿಕೆ.

ಇತಿಹಾಸ ಮೇಷ್ಟ್ರು:

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಎರೆಮಣ್ಣು ಅವರೇ. ದೇಶದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. ರಫ್ತು ನಿಲ್ಲಿಸಲು ವೈಸರಾಯ್ ಲಿಟ್ಟನ್ ಒಪ್ಪಲಿಲ್ಲ, ಟೆಂಪಲ್‌ನ ಕೂಲಿ ಜೀವ ಹಿಡಿಯಲೂ ಸಾಲದು. ಆದರೆ ಧಾರವಾಡ ಜಿಲ್ಲೆಗೆ ಬಂದರೆ, 1876ರಲ್ಲಿ ಹುಬ್ಬಳ್ಳಿಗೆ ರೈಲೇ ಇರಲಿಲ್ಲ. ಬಳ್ಳಾರಿಗೆ ಇತ್ತು. ಹೊರಗಿನಿಂದ ಕಾಳು ತರಬೇಕಾದರೆ ಬಂಡಿ, ಬಂಡಿಗೆ ಎತ್ತು, ಎತ್ತಿಗೆ ಮೇವು. ಮೇವಿಲ್ಲದೆ ಎತ್ತೇ ಸತ್ತವು. ಅಂದರೆ ಇಲ್ಲಿ ಪೇಟೆಯ ನಂಟು ಒಂದು ಕಡೆಗೆ ಮಾತ್ರ ಬಲವಾಗಿತ್ತು: ಹತ್ತಿ ಕೆಳಗಿಳಿಯಲು ಘಟ್ಟದ ರಸ್ತೆಗಳಿದ್ದವು, ಕಾಳು ಮೇಲೇರಲು ಸಮಯಕ್ಕೆ ದಾರಿ ಸಾಲಲಿಲ್ಲ. ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ, ಬರದ ನಂತರ. ಅದರ ಹಳಿಗಳನ್ನು ಬರ ಪರಿಹಾರದ ದಾರಿ ಎಂದೇ ಸಮರ್ಥಿಸಿಕೊಂಡರು. ಆಮೇಲೆ ಅವೇ ಹಳಿಗಳ ಮೇಲೆ ಹತ್ತಿ ಮರ್ಮಗೋವಾಕ್ಕೆ ಹೋಯಿತು. ಹತ್ತಿ ಬೆಳೆದದ್ದೇ ಕ್ಷಾಮಕ್ಕೆ ಕಾರಣ ಎಂದರೆ ಜೋಳ-ಹತ್ತಿ ಪಾಳಿ ಹಾಕಿ ಜಾಣತನದಿಂದ ಬೆಳೆದ ರೈತನ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ.

ಮುಳಗುಂದದಾಂವ:

ಮೇಷ್ಟ್ರ ಮಾತು ಬರೋಬರಿ ಐತ್ರಿ. ಹತ್ತಿ ಹಾಕಿದ್ದು ತಪ್ಪಲ್ಲ. ಕಾಳು ಇಡೂ ಹಗೇವು ಬರಿದಾಗುವಷ್ಟು ಸಾಲ ಆದದ್ದು ತಪ್ಪು.

ತುಂಗಭದ್ರಾ ಎಡದಂಡೆ:

ಸಿಂಧನೂರು ಸೀಮೆಯಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗಿನದು ಹಳೆಯ ಕಥೆ. ಹೊಸದಕ್ಕೆ ಬರೋಣ, ಯಾಕೆಂದರೆ ಬೀಜದ ವಿಷಯದಲ್ಲಿ ನಮ್ಮ ಕಡೆಯವರು ಬಹಳ ಸಲ ಅರ್ಧ ಮಾತ್ರ ಹೇಳುತ್ತಾರೆ.

1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿ ‘ವರಲಕ್ಷ್ಮಿ’ ಹೈಬ್ರಿಡ್ ತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯಕ್ಕೆ ಬಂದ ಮೊದಲ ಹೈಬ್ರಿಡ್ ಅದು. ಆಮೇಲೆ 1981ರಲ್ಲಿ ಡಿಸಿಎಚ್-32 ಎಂಬ ಇನ್ನೊಂದು ಹೈಬ್ರಿಡ್ ಬಂತು. ಉದ್ದ ಎಳೆಯ ಹತ್ತಿಗಾಗಿ ಈಜಿಪ್ಟಿನತ್ತ ನೋಡುತ್ತಿದ್ದ ದೇಶಕ್ಕೆ ಇದು ದೊಡ್ಡ ಗೆಲುವು, ನನಗೆ ಈಗಲೂ ಹೆಮ್ಮೆ. ಆದರೆ ಹೈಬ್ರಿಡ್ ಅಂದರೆ ಬೀಜ ಎತ್ತಿಟ್ಟುಕೊಳ್ಳುವಂತಿಲ್ಲ, ಪ್ರತಿ ವರ್ಷ ಕೊಳ್ಳಬೇಕು. ರೈತ ಬೀಜಕ್ಕಾಗಿ ಅಂಗಡಿಗೆ ಹೋಗುವುದು ಬಿಟಿ (ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಬಂದ ಮೇಲೆ ಶುರುವಾದದ್ದಲ್ಲ.

ಆ ಬೀಜ ತಯಾರಾಗುವುದನ್ನು ನೋಡಿದವರು ಕಡಿಮೆ. ಸಂಜೆ ಹೆಂಗಸರು ಸಾಲಿನಲ್ಲಿ ಬಾಗಿ, ಮರುದಿನ ಅರಳಬೇಕಾದ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಗಂಡು ಕೇಸರಗಳನ್ನು ಪೂರ್ತಿ ತೆಗೆಯುತ್ತಾರೆ. ಒಂದು ಉಳಿದರೂ ಬೀಜ ಕೆಟ್ಟಿತು. ಗುರುತಿಗೆ ಬಣ್ಣದ ಕಾಗದ ಸಿಕ್ಕಿಸುತ್ತಾರೆ. ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಒಂದೊಂದಕ್ಕೂ ಸವರುತ್ತಾರೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ರಾಣೆಬೆನ್ನೂರು, ಕುಷ್ಟಗಿ, ಗದಗ ಕಡೆ ಹಂಗಾಮಿನಲ್ಲಿ ಇದೇ ಕೆಲಸ. ಎಳೆ ಬೆರಳು ಬೇಕೆಂದು ಶಾಲೆ ಬಿಡಿಸಿ ಹುಡುಗಿಯರನ್ನು ಕರೆತಂದ ವರ್ಷಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪೇಟೆಯಲ್ಲಿ ಬಣ್ಣದ ಪೊಟ್ಟಣ ಒಡೆದು ಬಿತ್ತುವ ಬೀಜದ ಹಿಂದೆ ಇಷ್ಟು ಕೈ ಇವೆ.

1998ರ ಕೊನೆಗೆ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ರೈತ ಸಂಘದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ಬೆಂಕಿ ಇಟ್ಟರು. ಸುದ್ದಿ ಜಗತ್ತೆಲ್ಲ ಹೋಯಿತು. 2002ರಲ್ಲಿ ಸರ್ಕಾರ ಬಿಟಿಗೆ ಅನುಮತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಹೆಚ್ಚಿನವು ಬಿಟಿಯಾದವು. ರೈತರು ಮೋಸಹೋದರು ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಕಾಯಿಕೊರಕಕ್ಕೆ ವಾರಕ್ಕೊಮ್ಮೆ ಔಷಧ ಹೊಡೆದು ಸುಸ್ತಾಗಿದ್ದವರಿಗೆ ಮೊದಲ ವರ್ಷಗಳು ನಿಜಕ್ಕೂ ಬಿಡುವು ಕೊಟ್ಟವು. 2010ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಜಯಿಸಿದೆ ಎಂದು ಆ ಬೀಜ ತಂದ ಕಂಪನಿಯೇ ಒಪ್ಪಿಕೊಂಡಿತು. ಈಗ ಬೀಜದ ಖರ್ಚೂ ಇದೆ, ಔಷಧದ ಖರ್ಚೂ ಇದೆ.

ಬೆಲೆಯ ವಿಷಯ. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿ ಜಗತ್ತಿನ ಬೆಲೆಯನ್ನು ಕೆಡವುತ್ತದೆಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. ಗೆದ್ದ ಮೇಲೆ ಏನಾಯಿತು? ಅಮೆರಿಕ ಸಬ್ಸಿಡಿಯನ್ನು ಪೂರ್ತಿ ನಿಲ್ಲಿಸುವ ಬದಲು ಬ್ರೆಜಿಲ್‌ಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು 2010ರಲ್ಲಿ ಒಪ್ಪಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ, ಈ ನಾಲ್ಕು ಬಡ ದೇಶಗಳು 2003ರಲ್ಲಿ ಅದೇ ಸಂಸ್ಥೆಯ ಕ್ಯಾನ್‌ಕುನ್ ಸಭೆಯಲ್ಲಿ ಇದೇ ದೂರನ್ನು ಹೇಳಿಕೊಂಡವು. ಅವರಿಗೆ ಆ ದುಡ್ಡು ಸಿಗಲಿಲ್ಲ, ನಮಗೂ ಸಿಗಲಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದರೂ ಅದನ್ನು ಜಾರಿ ಮಾಡಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ.

ಲೈನ್ ನಂಬರ್ 7:

ಸರ್, ಅಣ್ಣಂದಿರೇ, ಅಕ್ಕಂದಿರೇ, ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹತ್ತಿ ಬೆಳೆಯೋರ ಬಗ್ಗೆ ಇಷ್ಟು ಮಾತಾಡಿದಿರಿ, ಹೊಲಿಯೋರ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೀತಾ ಇದೀನಿ.

ನಮ್ಮ ಲೈನ್‌ನಲ್ಲಿ ಒಬ್ಬಳು ಕಾಲರ್ ಮಾತ್ರ, ಒಬ್ಬಳು ಕಫ್ ಮಾತ್ರ, ಒಬ್ಬಳು ಸೈಡ್ ಸೀಮ್ ಮಾತ್ರ. ಗಂಟೆಗಂಟೆಗೆ ಬೋರ್ಡ್ ಮೇಲೆ ಪೀಸ್ ಎಷ್ಟು ಅಂತ ಬರೀತಾರೆ. ಟಾರ್ಗೆಟ್ ಕಡಿಮೆ ಆದ್ರೆ ಸೂಪರ್‌ವೈಸರ್ ಎಲ್ಲರೆದುರು ಕೂಗ್ತಾರೆ. ನೀರು ಕುಡಿದ್ರೆ ಟಾಯ್ಲೆಟ್‌ಗೆ ಏಳಬೇಕಾಗುತ್ತೆ ಅಂತ ನೀರೇ ಕುಡಿಯದ ಹೆಂಗಸರಿದಾರೆ. ಶರ್ಟ್ ಮುಗಿದ ಮೇಲೆ ಬೆಲೆ ಟ್ಯಾಗ್ ನಾವೇ ಹಾಕ್ತೀವಿ, ಡಾಲರ್‌ನಲ್ಲೋ ಯೂರೋದಲ್ಲೋ ಇರುತ್ತೆ. ನನ್ನ ದಿನದ ಸಂಬಳಕ್ಕಿಂತ ಒಂದು ಶರ್ಟ್ ಬೆಲೆ ಜಾಸ್ತಿ. ಅದು ನಮಗೆಲ್ಲ ಗೊತ್ತು, ಓದಿಕೊಂಡೇ ಟ್ಯಾಗ್ ಹಾಕ್ತೀವಿ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು 58 ವರ್ಷದ ತನಕ ಪೂರ್ತಿ ತೆಗೆಯೋ ಹಾಗಿಲ್ಲ ಅಂತ ನಿಯಮ ಬಂದಾಗ ನಾವು ರೋಡಿಗೆ ಬಂದ್ವಿ. ಹೊಸೂರು ರೋಡ್, ತುಮಕೂರು ರೋಡ್ ಎಲ್ಲಾ ಜಾಮ್. ಯಾವ ದೊಡ್ಡ ಲೀಡರ್ ಕರೆದಿದ್ದೂ ಅಲ್ಲ. ನಾವು 58ರ ತನಕ ಗಾರ್ಮೆಂಟ್ಸ್‌ನಲ್ಲಿ ಇರ್ತೀವಾ? ನಲವತ್ತಕ್ಕೇ ಬೆನ್ನು ಹೋಗಿರುತ್ತೆ. ಮಗಳ ಮದುವೆಗೋ ಸೈಟಿಗೋ ಇರೋದು ಅದೊಂದೇ ದುಡ್ಡು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಇಡೀ ದೇಶದ ಕಾರ್ಮಿಕರಿಗೆ ಆದ ಅನುಕೂಲ ಅದು, ಮಾಡಿದ್ದು ನಾವು. ಯಾವುದಾದ್ರೂ ಇತಿಹಾಸದ ನೋಟ್ಸ್‌ನಲ್ಲಿ ಇದು ಇದೆಯಾ ಸರ್?

ಇತಿಹಾಸ ಮೇಷ್ಟ್ರು:

ಇಲ್ಲಮ್ಮ, ಇಲ್ಲ. ಇರಬೇಕಾಗಿತ್ತು.

ನಿಮ್ಮ ಕೆಲಸಕ್ಕೆ ಸೇರುವ ಒಂದು ತಾರೀಖು ಹೇಳುತ್ತೇನೆ. ಶ್ರೀಮಂತ ದೇಶಗಳು ಬಡ ದೇಶಗಳ ಸಿದ್ಧ ಉಡುಪು, ಬಟ್ಟೆಗೆ ಇಂತಿಷ್ಟೇ ಬರಬೇಕೆಂದು 1974ರಿಂದ ಒಂದು ಒಪ್ಪಂದದ ಮೂಲಕ ಕೋಟಾ ಇಟ್ಟಿದ್ದವು. 2004ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಅಂದಿನಿಂದ ಎಲ್ಲಿ ಅಗ್ಗವೋ ಅಲ್ಲಿಗೆ ಆರ್ಡರ್. ಬೆಂಗಳೂರಿಗೆ ಬಂದದ್ದು ಢಾಕಾಕ್ಕೆ ಹೋಗಬಹುದು, ಅಲ್ಲಿಂದ ಇಥಿಯೋಪಿಯಕ್ಕೆ ಹೋಗಬಹುದು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದ ಬ್ಯಾಂಕಿನವರನ್ನು ಮನೆಗೆ ಕಳಿಸಿದರು, ಹೊಲಿಯುವವರನ್ನು ಒಳಗೆ ಕಳಿಸಿದರು. ಆರ್ಡರ್ ತಡವಾದರೆ ಖರೀದಿದಾರ ಬೇರೆ ದೇಶಕ್ಕೆ ಹೋಗುತ್ತಾನೆಂಬ ಭಯ.

ಸಾಲ್ಫರ್ಡ್ ಕನ್ನಡತಿ:

ಆ ಹೋಗುವಿಕೆ ಇಲ್ಲಿಗೂ ತಟ್ಟಿತು. ಲ್ಯಾಂಕಾಶೈರ್ 1912ರ ಹೊತ್ತಿಗೆ ವರ್ಷಕ್ಕೆ 800 ಕೋಟಿ ಗಜ ಬಟ್ಟೆ ನೇಯುತ್ತಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಇಲ್ಲಿಯ ಡಾರ್ವೆನ್‌ಗೆ ಬಂದಾಗ ಅರ್ಧ ಊರಿಗೆ ಕೆಲಸವಿರಲಿಲ್ಲ, ಅದಕ್ಕೆ ಅವರ ಬಹಿಷ್ಕಾರವೂ ಒಂದು ಕಾರಣ ಎಂದು ಜನ ನಂಬಿದ್ದರು. ಆದರೂ ಗಿರಣಿ ಹೆಂಗಸರು ಅವರನ್ನು ಸುತ್ತುವರಿದು ನಗುತ್ತ ನಿಂತ ಫೋಟೋ ಇದೆ. ನಿಮ್ಮಲ್ಲಿ 30 ಲಕ್ಷ ನಿರುದ್ಯೋಗಿಗಳಿದ್ದೀರಿ, ನಮ್ಮಲ್ಲಿ 30 ಕೋಟಿ ಜನ ಅರ್ಧ ವರ್ಷ ಕೆಲಸವಿಲ್ಲದಿರುತ್ತಾರೆ ಎಂದು ಅವರಿಗೆ ನೇರವಾಗಿಯೇ ಹೇಳಿದರು. ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜಿನಲ್ಲಿ ಹತ್ತಿ ವ್ಯಾಪಾರ ನಿಂತದ್ದು 1968ರಲ್ಲಿ. ಈಗ ಅದು ನಾಟಕಶಾಲೆ. ಕೊನೆಯ ದಿನದ ಧಾರಣೆಗಳು ಹಲಗೆಯ ಮೇಲೆ ಈಗಲೂ ಹಾಗೇ ಇವೆ. ಲಿವರ್‌ಪೂಲ್, ನ್ಯೂಯಾರ್ಕ್, ಅಲೆಕ್ಸಾಂಡ್ರಿಯಾ ಹೆಸರುಗಳನ್ನು ಅಲ್ಲಿ ಓದಬಹುದು.

ಅಘನಾಶಿನಿ ತೀರ:

ಒಂದು ಪ್ರಶ್ನೆ ಉಳಿದಿದೆ. ಅಮೆರಿಕದಲ್ಲಿ ಗುಲಾಮಗಿರಿ ಹೋಯಿತಲ್ಲ, ಹಾಗಾದರೆ 1865ರ ಮೇಲೆ ಅಲ್ಲಿ ಹತ್ತಿ ಅಗ್ಗವಾಗಿ ಬೆಳೆದವರು ಯಾರು? ಅವರು ಅಗ್ಗವಾಗಿ ಬೆಳೆದದ್ದಕ್ಕೇ ಅಲ್ಲವೇ ಧಾರವಾಡದ ಧಾರಣೆ ಬಿದ್ದದ್ದು?

ಎರೆಮಣ್ಣು:

ಬಹಳ ಮುಖ್ಯವಾದ ಪ್ರಶ್ನೆ, ನಾನೇ ಎತ್ತಬೇಕಿತ್ತು. ಬೆಳೆದವರು ಬಹುಪಾಲು ಅವರೇ, ಬಿಡುಗಡೆಯಾದ ಗುಲಾಮರು. ನಲವತ್ತು ಎಕರೆ ಭೂಮಿ ಸಿಗುತ್ತದೆಂದು ಯುದ್ಧದ ಕೊನೆಗೆ ಕೆಲವು ಕಡೆ ಹುಟ್ಟಿದ ಆಸೆಯನ್ನು ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮುರಿದ, ಜಮೀನು ಹಳೆಯ ಒಡೆಯರಿಗೇ ಹೋಯಿತು. ಹಾಗಾಗಿ ಅದೇ ಒಡೆಯನ ಹೊಲವನ್ನು ಕೋರಿಗೆ ಮಾಡಿದರು, ಬೆಳೆದದ್ದರಲ್ಲಿ ಅರ್ಧ ಅವನಿಗೆ. ಬೀಜ, ಉಪ್ಪು, ಹಿಟ್ಟು, ಬಟ್ಟೆಗೆ ಅಂಗಡಿಯವನಲ್ಲಿ ಉದ್ದರಿ, ಬರುವ ಬೆಳೆಯೇ ಅಡವು. ಅಂಗಡಿಯವನು ಹತ್ತಿ ಬಿಟ್ಟು ಬೇರೆ ಬಿತ್ತಲು ಬಿಡುತ್ತಿರಲಿಲ್ಲ, ಅವನ ದುಡ್ಡು ಹುಟ್ಟುವುದು ಹತ್ತಿಯಿಂದ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಇನ್ನೂ ಬಾಕಿ. 1870ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಬೆಳೆ ಯುದ್ಧಕ್ಕೆ ಮುಂಚಿನ ಮಟ್ಟವನ್ನು ದಾಟಿತ್ತು.

1866ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ತಂತಿ ನಿಂತಿತು, 1870ರಲ್ಲಿ ಮುಂಬಯಿಗೆ ಸಮುದ್ರದ ತಂತಿ ಬಂತು. ಮಿಸಿಸಿಪ್ಪಿಯ ಕೋರುಗಾರನ ಹತ್ತಿ ಮತ್ತು ಗದಗಿನ ಸಾಲಗಾರನ ಹತ್ತಿ ಲಿವರ್‌ಪೂಲಿನ ಒಂದೇ ಕಟ್ಟೆಯ ಮೇಲೆ ಪೈಪೋಟಿಗಿಳಿದವು. ಅಲ್ಲಿ ಸಾಲ ಹೆಚ್ಚಾದಷ್ಟೂ ಹತ್ತಿ ಹೆಚ್ಚು, ಇಲ್ಲಿ ಬೆಲೆ ಕಡಿಮೆ. ಇಲ್ಲಿ ಕಂದಾಯ ಕಟ್ಟಲು ಹೆಚ್ಚು ಬಿತ್ತಿದರೆ ಅಲ್ಲಿನವನಿಗೆ ಪೆಟ್ಟು. ಧಾರಣೆಯ ತಂತಿ ಒಂದು ದಿನದಲ್ಲಿ ದಾಟುವ ಸಮುದ್ರವನ್ನು ದಾಟಿ ಈ ಇಬ್ಬರು ಮಾತಾಡಿಕೊಳ್ಳುವ ದಾರಿಯನ್ನು ಯಾರೂ ಹಾಕಲಿಲ್ಲ. ಅಮೆರಿಕದ ದಕ್ಷಿಣದ ಕೋರುಗಾರರ ಲೆಕ್ಕದ ಪುಸ್ತಕಗಳನ್ನೂ ನಮ್ಮ ಕಡೆಯ ಸಾಹುಕಾರಿ ಕೀರ್ದಿಗಳನ್ನೂ ಮಗ್ಗುಲಲ್ಲಿಟ್ಟು ಓದುವ ಕೆಲಸ ಕನ್ನಡದಲ್ಲಿ ಆಗಬೇಕು. ಹುಬ್ಬಳ್ಳಿ, ಗದಗ, ಬೆಟಗೇರಿ ಪೇಟೆಯ ಹಳೆಯ ಅಡತಿ ಮನೆತನಗಳವರು ಈ ವೇದಿಕೆಯಲ್ಲಿದ್ದರೆ, ಮನೆಯಲ್ಲಿ ಹಳೆಯ ಕೀರ್ದಿ ಉಳಿದಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಇಲ್ಲಿ ತಿಳಿಸಿ.